ದವಡೆ ನೋವು ಕೀಲಿನದೋ, ಸ್ನಾಯುವಿನದೋ? ಬೆರಳಿನಿಂದಲೇ ಗುರುತಿಸುವ ಬಗೆ

ಕಿವಿಯ ಮುಂದೆ ನೋವು, ಅಗಿಯುವಾಗ ಇನ್ನೂ ಜಾಸ್ತಿ. ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದುಕೊಂಡಿರುತ್ತದೆ. ಕಿವಿಯ ಡಾಕ್ಟರು ಕಿವಿ ಸರಿಯಿದೆ ಎನ್ನುತ್ತಾರೆ, ಹಲ್ಲಿನ ಡಾಕ್ಟರು ಎಕ್ಸ್‌ರೇಯಲ್ಲಿ ಏನೂ ಕಾಣುತ್ತಿಲ್ಲ ಎನ್ನುತ್ತಾರೆ. ನೋವು ತಾಳಲಾರದೆ ಗಟ್ಟಿಮುಟ್ಟಾದ ದವಡೆಹಲ್ಲನ್ನೇ ಕೀಳಿಸಿಕೊಂಡು, ಆಮೇಲೂ ನೋವು ಹೋಗದೆ ಪೇಚಾಡುವವರಿದ್ದಾರೆ. ಇದಕ್ಕೆ ಕಾರಣ ಸರಳ: ಅಗಿಯುವ ಸ್ನಾಯು ನೊಂದರೆ ಆ ನೋವು ಸ್ನಾಯುವಿನಲ್ಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಹಲ್ಲಿನಲ್ಲಿ, ಕಿವಿಯಲ್ಲಿ, ಕಣತಲೆಯಲ್ಲಿ ಕಾಣಿಸಿಕೊಳ್ಳಬಹುದು. ಈ ಭಾಗಗಳಿಂದ ಮಿದುಳಿಗೆ ಸುದ್ದಿ ಮುಟ್ಟಿಸುವುದು ಬಹುಪಾಲು ಒಂದೇ ನರ, ಟ್ರೈಜೆಮಿನಲ್. ಹಾಗಾಗಿ ನೋವಿನ ಮೂಲ ಯಾವುದೆಂದು ಮಿದುಳಿಗೇ ಗೊಂದಲವಾಗುತ್ತದೆ.

ಆದರೆ ದವಡೆಯ ಕೀಲು ಚರ್ಮದ ಕೆಳಗೇ ಇದೆ. ಅಗಿಯುವ ನಾಲ್ಕು ಮುಖ್ಯ ಸ್ನಾಯುಗಳಲ್ಲಿ ಎರಡು ಪೂರ್ತಿಯಾಗಿ, ಒಂದು ಅರೆಬರೆಯಾಗಿ ಬೆರಳಿಗೆ ಸಿಗುತ್ತವೆ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಏನನ್ನು ಕೇಳಿಕೊಳ್ಳಬೇಕು ಎಂಬುದು ಗೊತ್ತಿದ್ದರೆ ಹದಿನೈದು ನಿಮಿಷದಲ್ಲಿ ನೋವಿನ ಜಾಡು ಬಹುಮಟ್ಟಿಗೆ ಸಿಗುತ್ತದೆ. ದಂತವೈದ್ಯ ಮತ್ತು ಫಿಸಿಯೊಥೆರಪಿ ವಿದ್ಯಾರ್ಥಿಗಳು ಇದನ್ನು ಅಭ್ಯಾಸಕ್ಕೆ ಬಳಸಬಹುದು. ನೋವಿರುವವರು ತಮ್ಮ ಮೇಲೇ ಮಾಡಿಕೊಂಡು, ಕಂಡದ್ದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬಹುದು.

ಪರೀಕ್ಷೆ ಮಾಡಬಾರದ ಸಂದರ್ಭಗಳು

ಗದ್ದಕ್ಕೆ ಪೆಟ್ಟು ಬಿದ್ದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲವಾದರೆ ಒತ್ತಿ ನೋಡಬೇಡಿ, ನೇರ ಆಸ್ಪತ್ರೆಗೆ ಹೋಗಿ. ಗದ್ದ ಊರಿ ಬಿದ್ದಾಗ ಪೆಟ್ಟಿನ ಬಲ ಮೇಲಕ್ಕೆ ಸಾಗಿ ಕೀಲಿನ ಕತ್ತಿನಲ್ಲಿ ಮೂಳೆ ಮುರಿಯುವುದು ಸಾಮಾನ್ಯ. ಗದ್ದದ ಮೇಲೆ ಹೊಲಿಗೆ ಹಾಕಿ ಕಳಿಸಿದ ಮಕ್ಕಳಲ್ಲಿ ಇದು ಕಣ್ತಪ್ಪಿ ಹೋಗುತ್ತದೆ. ವರ್ಷಗಳ ನಂತರ ಕೀಲು ಮೂಳೆಗೆ ಮೂಳೆ ಬೆಸೆದುಕೊಂಡು ಬಾಯಿಯೇ ತೆರೆಯದಂತಾಗಬಹುದು, ಆ ಬದಿಯ ದವಡೆಯ ಬೆಳವಣಿಗೆಯೂ ಕುಂಠಿತವಾಗಬಹುದು. ಮಗು ಗದ್ದ ಊರಿ ಬಿದ್ದಿದ್ದರೆ ಗಾಯ ಚಿಕ್ಕದಿದ್ದರೂ ಎರಡೂ ಕಿವಿಯ ಮುಂದೆ ನೋವಿದೆಯೇ, ಬಾಯಿ ಮೊದಲಿನಷ್ಟು ತೆರೆಯುತ್ತದೆಯೇ ಎಂದು ವಿಚಾರಿಸಲೇಬೇಕು.

ಇನ್ನು ಕೆಲವು ಸಂದರ್ಭಗಳಲ್ಲಿಯೂ ಕಾಯಬಾರದು. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು ಕೂತರೆ ಕಡಿಮೆಯಾಗುವುದು ಹೃದಯದ ನೋವಿರಬಹುದು. ಐವತ್ತು ದಾಟಿದವರಲ್ಲಿ ಹೊಸದಾಗಿ ತಲೆನೋವು ಶುರುವಾಗಿ, ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋತು ನೋಯುವುದು, ಕಣತಲೆ ಮುಟ್ಟಿದರೆ ನೋಯುವುದು, ದೃಷ್ಟಿ ಮಸುಕಾಗುವುದು ರಕ್ತನಾಳದ ಉರಿಯೂತದ ಲಕ್ಷಣಗಳು. ತಡಮಾಡಿದರೆ ಕಣ್ಣೇ ಹೋಗಬಹುದು. ಗಾಯವಾದ ಕೆಲವು ದಿನಗಳಿಗೆ ದವಡೆ ಗಟ್ಟಿಯಾಗಿ ಕಚ್ಚಿಕೊಂಡರೆ ಧನುರ್ವಾಯುವಿನ ಭಯವಿದೆ. ಜ್ವರದೊಂದಿಗೆ ದವಡೆಯ ಕೆಳಗೆ ಊದಿ ನುಂಗಲು ಕಷ್ಟವಾಗುವುದು, ಕೆಳತುಟಿ ಮರಗಟ್ಟುವುದು, ಇವೂ ಮನೆಯಲ್ಲಿ ನೋಡಿಕೊಳ್ಳುವ ವಿಷಯವಲ್ಲ.

ಬೇಕಾದದ್ದು

ಕನ್ನಡಿ, ಮಿಲಿಮೀಟರ್ ಗುರುತಿರುವ ಪ್ಲಾಸ್ಟಿಕ್ ಸ್ಕೇಲು, ಪೆನ್ನು, ಕಾಗದ, ಬಾಯಿಯೊಳಗೆ ಮುಟ್ಟುವುದಕ್ಕೆ ಗ್ಲೌಸ್ ಅಥವಾ ಚೆನ್ನಾಗಿ ತೊಳೆದ ಕೈ. ಇನ್ನೊಂದು ವಸ್ತು ಅಷ್ಟೇ ಮುಖ್ಯ: ಅಡುಗೆಮನೆಯಲ್ಲಿ ಹಿಟ್ಟು ತೂಗುವ ಡಿಜಿಟಲ್ ತೂಕದ ಯಂತ್ರ.

ಇಂಥ ಪರೀಕ್ಷೆಗಳು ಕೆಡುವುದೇ ಒತ್ತಡದಲ್ಲಿ. ಹೆಚ್ಚು ಒತ್ತಿದರೆ ಆರೋಗ್ಯವಂತ ಸ್ನಾಯುವೂ ನೋಯುತ್ತದೆ, ಕಡಿಮೆ ಒತ್ತಿದರೆ ನೊಂದ ಸ್ನಾಯುವೂ ಸುಮ್ಮನಿರುತ್ತದೆ. ಸ್ನಾಯುಗಳಿಗೆ 1 ಕಿಲೋ, ಕೀಲಿನ ತುದಿಗೆ ಅರ್ಧ ಕಿಲೋ ಒತ್ತಡ ಕೊಡುವುದು ವೈದ್ಯರಲ್ಲಿ ರೂಢಿಯಲ್ಲಿರುವ ಅಳತೆ. ತೂಕದ ಯಂತ್ರದ ಮೇಲೆ ತೋರುಬೆರಳಿಟ್ಟು 1000 ಗ್ರಾಂ ಬರುವವರೆಗೆ ಒತ್ತಿ, ಎರಡು ಸೆಕೆಂಡ್ ಹಾಗೇ ಹಿಡಿಯಿರಿ. ಕಣ್ಣುಮುಚ್ಚಿ ಹತ್ತು ಸಲ ಮಾಡಿ, ಪ್ರತಿ ಸಲವೂ ಕಣ್ಣು ತೆರೆದು ಎಷ್ಟಿದೆ ನೋಡಿ. 500 ಗ್ರಾಂಗೂ ಹೀಗೇ ಮಾಡಿ. 1 ಕಿಲೋ ಎಂದರೆ ಬೆರಳಿನ ಉಗುರಿನ ಅಂಚು ಬೆಳ್ಳಗಾಗುವಷ್ಟು ಒತ್ತಡ. ಮೊದಲ ಸಲ ಮಾಡುವವರಿಗೆ ಅಷ್ಟು ಬೇಕೇ ಅನ್ನಿಸುತ್ತದೆ. ಬೇಕು.

ಪ್ರತಿ ಜಾಗದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ‘ನೋಯಿತೇ?’ ಎಂಬುದೊಂದೇ ಅಲ್ಲ. ‘ನನ್ನನ್ನು ದಿನವೂ ಕಾಡುವ ನೋವು ಇದೇನಾ?’ ಎಂಬುದು ಅದಕ್ಕಿಂತ ಮುಖ್ಯ. ಒತ್ತಿದ್ದಕ್ಕೆ ಬರಿದೇ ನೋಯುವ ಜಾಗಗಳು ಎಲ್ಲರ ಮುಖದಲ್ಲೂ ಇರುತ್ತವೆ. ಪರಿಚಿತ ನೋವು ಎದ್ದು ಬಂದ ಜಾಗವನ್ನು ಮಾತ್ರ ಬರೆದುಕೊಳ್ಳಿ. ನೋವು ಬೇರೆ ಕಡೆಗೆ ಹಬ್ಬುತ್ತದೆಯೇ ಎಂದು ತಿಳಿಯಲು ಅದೇ ಜಾಗವನ್ನು ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಹಬ್ಬುವ ನೋವು ಹೊರಬೀಳಲು ಅಷ್ಟು ಹೊತ್ತು ಬೇಕಾಗಬಹುದು.

ಕೀಲು

ಕಿವಿರಂಧ್ರದ ಮುಂದೆ ಚಿಕ್ಕ ಮೆತ್ತನೆಯ ಉಬ್ಬೊಂದಿದೆ. ಅದರಿಂದ ಮುಂದಕ್ಕೆ ಸುಮಾರು 1 ಸೆಂಟಿಮೀಟರ್ ದೂರದಲ್ಲಿ ಎರಡೂ ಬದಿ ತೋರುಬೆರಳಿಡಿ. ಬಾಯಿ ನಿಧಾನವಾಗಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಗಟ್ಟಿಯಾದದ್ದೊಂದು ಮುಂದಕ್ಕೂ ಕೆಳಕ್ಕೂ ಜಾರಿ, ಇದ್ದಲ್ಲಿ ಒಂದು ಕುಳಿ ಬೀಳುತ್ತದೆ. ಜಾರಿದ್ದು ಕಾಂಡೈಲ್, ಅಂದರೆ ಕೆಳದವಡೆಯ ಮೇಲ್ತುದಿಯ ಗುಂಡು. ಅಲ್ಲೇ ನಾಡಿ ಬಡಿದರೆ ಗಾಬರಿ ಬೇಡ, ಕಣತಲೆಗೆ ಹೋಗುವ ರಕ್ತನಾಳ ಕಿವಿಯ ಮುಂದೆಯೇ ಹಾದುಹೋಗುತ್ತದೆ. ಬೆರಳನ್ನು ಕೂದಲೆಳೆಯಷ್ಟು ಸರಿಸಿ.

ಈ ಗುಂಡು ಅಡ್ಡಕ್ಕೆ 15ರಿಂದ 20 ಮಿ.ಮೀ., ಹಿಂದುಮುಂದಕ್ಕೆ 8ರಿಂದ 10 ಮಿ.ಮೀ. ಇರುತ್ತದೆ. ತಲೆಬುರುಡೆಯ ಟೆಂಪೊರಲ್ ಮೂಳೆಯ ಕುಳಿಯಲ್ಲಿ ಇದು ಕೂರುತ್ತದೆ. ಕುಳಿಯ ಮುಂದೆ ಒಂದು ದಿಬ್ಬವಿದೆ. ಗುಂಡಿಗೂ ಕುಳಿಗೂ ನಡುವೆ ಡಿಸ್ಕ್ ಎಂಬ ಮೆತ್ತೆಯಿದೆ: ನಡುವೆ ತೆಳು, ಹಿಂದೆ ಮುಂದೆ ದಪ್ಪ. ಡಿಸ್ಕಿನ ನಡುಭಾಗದಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಅಗಿಯುವ ಭಾರವನ್ನೆಲ್ಲ ಹೊರುವುದು ಅದೇ ಜಾಗ, ಆದ್ದರಿಂದ ನೋಯದೆ ಹೊರಬಲ್ಲದು. ಡಿಸ್ಕಿನ ಹಿಂದಿನ ಅಂಗಾಂಶದಲ್ಲಿ ಮಾತ್ರ ನರ, ರಕ್ತನಾಳ ಎರಡೂ ಧಾರಾಳವಾಗಿವೆ. ಡಿಸ್ಕ್ ಮುಂದಕ್ಕೆ ಸರಿದು ಆ ಹಿಂದಿನ ಅಂಗಾಂಶದ ಮೇಲೆ ಗುಂಡು ಕೂತರೆ ನೋವು ಏಳಬಹುದು.

ಡಿಸ್ಕು ಕೀಲನ್ನು ಎರಡು ಕೋಣೆಯಾಗಿ ಭಾಗಿಸುತ್ತದೆ. ಕೆಳಗಿನ ಕೋಣೆಯಲ್ಲಿ ಗುಂಡು ತಿರುಗುತ್ತದೆ, ಮೇಲಿನದರಲ್ಲಿ ಡಿಸ್ಕನ್ನೂ ಕರೆದುಕೊಂಡು ಮುಂದಕ್ಕೆ ಜಾರುತ್ತದೆ. ಬಾಯಿ ತೆರೆಯುವ ಮೊದಲ 20–25 ಮಿ.ಮೀ. ಬಹುಪಾಲು ತಿರುಗುವಿಕೆಯಿಂದ ಸಿಗುತ್ತದೆ, ಉಳಿದದ್ದು ಜಾರುವಿಕೆಯಿಂದ. ಈ ಅಂಕಿಯನ್ನು ನೆನಪಿಡಿ. ಬಾಯಿ 25–30 ಮಿ.ಮೀ.ನಲ್ಲೇ ಗಟ್ಟಿಯಾಗಿ ನಿಂತರೆ ಗುಂಡು ತಿರುಗುತ್ತಿದೆ, ಆದರೆ ಜಾರುತ್ತಿಲ್ಲ ಎಂದು ಅರ್ಥ.

ಒತ್ತುವ ಕ್ರಮ ಹೀಗೆ. ಬಾಯಿ ಮುಚ್ಚಿ, ಹಲ್ಲು ತಾಗದಂತೆ ಸಡಿಲ ಬಿಟ್ಟು, ಗುಂಡಿನ ಹೊರತುದಿಯನ್ನು 500 ಗ್ರಾಂ ಒತ್ತಡದಲ್ಲಿ ಎರಡು ಸೆಕೆಂಡ್ ಒತ್ತಿ. ಬಳಿಕ ಕೆಳದವಡೆಯನ್ನು ಸ್ವಲ್ಪ ಮುಂದೆ ಚಾಚಿ, ಗುಂಡಿನ ಸುತ್ತ 1 ಕಿಲೋ ಒತ್ತಡದಲ್ಲಿ ಬೆರಳನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸಿ. ಆ ಒಂದು ಸುತ್ತಿಗೆ ಐದು ಸೆಕೆಂಡ್ ಬೇಕು. ಇಲ್ಲಿ ಪರಿಚಿತ ನೋವು ಎದ್ದರೆ ಕೀಲೇ ನೋಯುತ್ತಿದೆ ಎಂದು ಬರೆದುಕೊಳ್ಳಿ. ಕೀಲಿಗೂ ಕಿವಿಯ ಕೊಳವೆಯ ಮುಂಭಾಗಕ್ಕೂ ನರ ಒಂದೇ, ಆರಿಕ್ಯುಲೊಟೆಂಪೊರಲ್. ಕೀಲು ನೋವನ್ನು ಜನ ಕಿವಿನೋವು ಎಂದುಕೊಳ್ಳುವುದು ಇದರಿಂದಲೇ.

ಮಸೆಟರ್

ಮೊದಲು ಕೈಗೆ ಸಿಗುವ, ಹೆಚ್ಚು ತೊಂದರೆ ಕೊಡುವ ಸ್ನಾಯು ಇದು. ಕೆನ್ನೆಯ ಮೂಳೆಯ ಕೆಳಅಂಚಿನಿಂದ ಹೊರಟು ಕೆಳದವಡೆಯ ಮೂಲೆಯ ಹೊರಮೈಗೆ ಅಂಟುತ್ತದೆ. ಎರಡು ಪದರಗಳಿವೆ: ಮೇಲಿನ ಪದರದ ಎಳೆಗಳು ಓರೆಯಾಗಿ ಕೆಳಗೆ ಹಿಂದಕ್ಕೆ ಇಳಿಯುತ್ತವೆ, ಒಳಪದರದವು ಕಿವಿಯ ಹತ್ತಿರ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತವೆ. ಹಲ್ಲು ಕಚ್ಚಿದರೆ ಕೆನ್ನೆಯ ಹಿಂಭಾಗದಲ್ಲಿ ಗಡ್ಡೆಯಂತೆ ಎದ್ದು ನಿಲ್ಲುವುದು ಇದೇ.

ಕಚ್ಚಿ, ಅಂಚು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಸಡಿಲ ಬಿಡಿ. ಸಡಿಲ ಬಿಟ್ಟ ಮೇಲೆಯೇ ಒತ್ತಬೇಕು, ಬಿಗಿದ ಸ್ನಾಯುವನ್ನು ಒತ್ತಿದರೆ ಏನೂ ತಿಳಿಯದು. ಮೇಲೆ ಕೆನ್ನೆಯ ಮೂಳೆಯ ಕೆಳಗೆ, ನಡುವೆ ಸ್ನಾಯುವಿನ ಹೊಟ್ಟೆಯಲ್ಲಿ, ಕೆಳಗೆ ದವಡೆಯ ಮೂಲೆಯ ಮೇಲೆ: ಹೀಗೆ ಮೂರು ಸಾಲು, ಸಾಲಿಗೆ ಹಿಂದಿನಿಂದ ಮುಂದಕ್ಕೆ ಮೂರು ಜಾಗ, ಒಟ್ಟು ಒಂಬತ್ತು. ಒಂದೊಂದನ್ನೂ 1 ಕಿಲೋ ಒತ್ತಡದಲ್ಲಿ ಒತ್ತುತ್ತಾ ಹೋಗಿ. ಕೆಳಗಿನ ಭಾಗ ಒತ್ತಿದಾಗ ಕೆಳಗಿನ ದವಡೆಹಲ್ಲು ನೋಯಬಹುದು, ಮೇಲಿನ ಭಾಗ ಒತ್ತಿದಾಗ ಮೇಲಿನ ದವಡೆಹಲ್ಲು. ಒಳಪದರ ಒತ್ತಿದಾಗ ನೋವು ಕಿವಿಯೊಳಗೆ ಹೋಗಬಹುದು. ಹಲ್ಲು ಕೀಳಿಸಲು ಹೊರಟವರು ಈ ಒಂಬತ್ತು ಜಾಗ ಒತ್ತಿ ನೋಡಿಯೇ ಮುಂದಡಿ ಇಡಬೇಕು.

ಇಲ್ಲೊಂದು ಎಚ್ಚರಿಕೆ. ಮಸೆಟರ್‌ನ ಹಿಂಭಾಗದ ಮೇಲೆ ಪೆರೋಟಿಡ್ ಎಂಬ ಜೊಲ್ಲು ಗ್ರಂಥಿ ಹರಡಿಕೊಂಡಿದೆ. ಊತವೊಂದು ಕಂಡರೆ ಸ್ನಾಯುವೋ ಗ್ರಂಥಿಯೋ ತಿಳಿಯಲು ಹಲ್ಲು ಕಚ್ಚಿ ನೋಡಿ. ಸ್ನಾಯುವಾದರೆ ಗಟ್ಟಿಯಾಗುತ್ತದೆ, ಗ್ರಂಥಿಯಾದರೆ ಇದ್ದ ಹಾಗೇ ಇರುತ್ತದೆ. ಊತ ಕಿವಿಯ ಹಾಲೆಯನ್ನು ಹೊರಕ್ಕೆ ಎತ್ತಿದ್ದರೆ ಗ್ರಂಥಿಯ ಕಡೆಗೇ ಅನುಮಾನ ಹೋಗಬೇಕು.

ಟೆಂಪೊರಾಲಿಸ್

ತಲೆಯ ಪಕ್ಕದಲ್ಲಿ ಬೀಸಣಿಗೆಯಂತೆ ಹರಡಿರುವ ಸ್ನಾಯು. ಎಳೆಗಳೆಲ್ಲ ಒಗ್ಗೂಡಿ, ಕೆನ್ನೆಮೂಳೆಯ ಕಮಾನಿನ ಒಳಗೆ ಇಳಿದು, ಕೆಳದವಡೆಯ ಮುಂದಿನ ಕೊಂಬಾದ ಕೊರೊನಾಯ್ಡ್‌ಗೆ ಅಂಟುತ್ತವೆ. ಮುಂದಿನ ಎಳೆಗಳು ದವಡೆಯನ್ನು ಮೇಲೆತ್ತುತ್ತವೆ. ಕಿವಿಯ ಮೇಲೆ ಅಡ್ಡಡ್ಡ ಹೋಗುವ ಹಿಂದಿನ ಎಳೆಗಳು ದವಡೆಯನ್ನು ಹಿಂದಕ್ಕೆ ಎಳೆಯುತ್ತವೆ. ಕಣತಲೆ, ಕಿವಿಯ ಮೇಲೆ, ಕಿವಿಯ ಹಿಂಭಾಗದ ಮೇಲೆ ಎಂದು ಮೂರು ಪಟ್ಟಿ ಮಾಡಿಕೊಂಡು ಇಲ್ಲಿಯೂ ಒಂಬತ್ತು ಜಾಗ ಒತ್ತಿ. ನೋವು ಹಬ್ಬುವುದು ಹುಬ್ಬಿನ ಕಡೆಗೆ ಮತ್ತು ಮೇಲಿನ ಹಲ್ಲುಗಳಿಗೆ. ದಿನವೂ ಕಣತಲೆ ನೋವು ಎನ್ನುವವರ ತಲೆನೋವು ಅಗಿಯುವಾಗ, ಹಲ್ಲು ಕಚ್ಚಿದಾಗ ಹೆಚ್ಚಾದರೆ ಈ ಸ್ನಾಯುವನ್ನು ಮರೆಯಬಾರದು.

ಒಳಗಿನ ಎರಡು

ಮೀಡಿಯಲ್ ಟೆರಿಗಾಯ್ಡ್ ಕೆಳದವಡೆಯ ಒಳಮೈಯಲ್ಲಿದೆ. ಹೊರಗೆ ಮಸೆಟರ್, ಒಳಗೆ ಇದು, ಎರಡೂ ಸೇರಿ ದವಡೆಯ ಮೂಲೆಯನ್ನು ತೊಟ್ಟಿಲಿನಂತೆ ತೂಗಿ ಹಿಡಿದಿವೆ. ಮೂಲೆಯ ಕೆಳಅಂಚಿಗೆ ಬೆರಳು ಕೊಕ್ಕೆ ಮಾಡಿ, ಒಳಕ್ಕೂ ಮೇಲಕ್ಕೂ ಮೆಲ್ಲಗೆ ಒತ್ತಿದರೆ ಇದರ ಕೆಳತುದಿ ಸಿಗುತ್ತದೆ. ಇಲ್ಲಿ ಅರ್ಧ ಕಿಲೋ ಸಾಕು. ಬುದ್ಧಿಹಲ್ಲು ತೆಗೆಸಿದ ಮೇಲೆ ಅಥವಾ ಕೆಳದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಒಂದೆರಡು ದಿನದಲ್ಲಿ ಬಾಯಿ ಬಿಗಿದರೆ ಹಲವು ಸಲ ಇದೇ ಸ್ನಾಯುವಿಗೆ ಸೂಜಿ ತಾಗಿರುತ್ತದೆ. ಬಿಸಿ ಕಾವು, ನಿಧಾನದ ವ್ಯಾಯಾಮದಿಂದ ಸಾಮಾನ್ಯವಾಗಿ ವಾರಗಳಲ್ಲಿ ಸರಿಹೋಗುತ್ತದೆ. ಜ್ವರ ಬಂದರೆ, ಬಿಗಿತ ದಿನೇ ದಿನೇ ಹೆಚ್ಚಿದರೆ ಮಾತ್ರ ಅದು ಸೋಂಕು, ತಡಮಾಡದೆ ತೋರಿಸಿ.

ಲ್ಯಾಟರಲ್ ಟೆರಿಗಾಯ್ಡ್‌ಗೆ ಎರಡು ತಲೆ. ಕೆಳತಲೆ ದವಡೆಯನ್ನು ಮುಂದಕ್ಕೆ ಎಳೆದು ಬಾಯಿ ತೆರೆಯಲು ನೆರವಾಗುತ್ತದೆ, ಒಂದೇ ಬದಿಯದು ಎಳೆದರೆ ಗದ್ದ ಎದುರು ಬದಿಗೆ ಹೋಗುತ್ತದೆ. ಮೇಲ್ತಲೆ ಬಾಯಿ ಮುಚ್ಚುವಾಗ ಕೆಲಸ ಮಾಡುತ್ತದೆ, ಅದರ ಕೆಲವು ಎಳೆಗಳು ಡಿಸ್ಕಿಗೂ ಕೀಲಿನ ಚೀಲಕ್ಕೂ ಸೇರುತ್ತವೆ. ಮೇಲಿನ ಕೊನೆಯ ದವಡೆಹಲ್ಲಿನ ಹಿಂದೆ ಬೆರಳು ತೂರಿಸಿ ಇದನ್ನು ಮುಟ್ಟಬಹುದೆಂದು ಹಲವು ಕಡೆ ಹೇಳಿಕೊಡುತ್ತಾರೆ. ಆ ಪರೀಕ್ಷೆಯನ್ನು ನಂಬಬೇಡಿ. ಬೆರಳು ಅಲ್ಲಿಗೆ ನೆಚ್ಚಿಕೆಯಿಂದ ತಲುಪುವುದಿಲ್ಲ, ಆ ಜಾಗ ಆರೋಗ್ಯವಂತರಲ್ಲೂ ನೋಯುತ್ತದೆ. ಅದರ ಬದಲು ಗದ್ದದ ಮುಂದೆ ಅಂಗೈ ಒತ್ತಿ ಹಿಡಿದು, ಆ ಒತ್ತಡಕ್ಕೆ ಎದುರಾಗಿ ದವಡೆಯನ್ನು ಐದು ಸೆಕೆಂಡ್ ಮುಂದಕ್ಕೆ ತಳ್ಳಿ. ಕಿವಿಯ ಮುಂದೆ ಆಳದಲ್ಲಿ ಪರಿಚಿತ ನೋವು ಎದ್ದರೆ ಈ ಸ್ನಾಯುವಿನ ಮೇಲೆ ಅನುಮಾನ ಇಟ್ಟುಕೊಳ್ಳಬಹುದು, ಅಷ್ಟೇ.

ಕೆನ್ನೆಯ ಒಳಪದರದ ಬಕ್ಸಿನೇಟರ್ ಅಗಿಯುವ ಗುಂಪಿನದಲ್ಲ. ತುತ್ತನ್ನು ಹಲ್ಲಿನ ನಡುವೆ ತಳ್ಳುವುದು ಅದರ ಕೆಲಸ, ಅದರ ನರವೂ ಬೇರೆ, ಮುಖದ ನರ. ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ಬಾಯಿ ಎಷ್ಟು ತೆರೆಯುತ್ತದೆ, ಹೇಗೆ ತೆರೆಯುತ್ತದೆ

ಅಂದಾಜಿಗೆ ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ನೆಟ್ಟಗೆ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಿದರೆ ಸರಿ. ಎರಡಕ್ಕೇ ನಿಂತರೆ ಅಳೆಯಲೇಬೇಕು.

ಅಳೆಯುವುದು ಮೇಲಿನ ನಡುಬಾಚಿಹಲ್ಲಿನ ಅಂಚಿನಿಂದ ಕೆಳಗಿನದರ ಅಂಚಿಗೆ. ಇದಕ್ಕೆ ಒಂದು ಅಳತೆ ಕೂಡಿಸಬೇಕು: ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನದನ್ನು ಎಷ್ಟು ಮುಚ್ಚುತ್ತದೆಯೋ ಅಷ್ಟು. ಸ್ಕೇಲಿನಲ್ಲಿ 38 ಬಂದು ಮುಚ್ಚುವ ಅಳತೆ 3 ಇದ್ದರೆ ನಿಜವಾದ ತೆರೆತ 41 ಮಿ.ಮೀ. ಇದನ್ನು ಕೂಡಿಸದೆ ಬಿಟ್ಟು ಇಲ್ಲದ ರೋಗವನ್ನು ಬರೆದುಕೊಳ್ಳುವ ತಪ್ಪು ಆಗುತ್ತಿರುತ್ತದೆ. ದೊಡ್ಡವರಲ್ಲಿ 40ರಿಂದ 55 ಮಿ.ಮೀ. ಸಾಮಾನ್ಯ. ಅಕ್ಕಪಕ್ಕಕ್ಕೆ 8ರಿಂದ 12 ಮಿ.ಮೀ. ಸರಿಯಬೇಕು, ಮುಂದಕ್ಕೆ 6ರಿಂದ 10 ಮಿ.ಮೀ.

ಮೂರು ಸಲ ಅಳೆಯಿರಿ. ಮೊದಲು ನೋವಾಗದಷ್ಟು ತೆರೆದು, ಆಮೇಲೆ ನೋವಾದರೂ ಆದಷ್ಟು ತೆರೆದು, ಕೊನೆಗೆ ಹೆಬ್ಬೆರಳನ್ನು ಮೇಲಿನ ಹಲ್ಲಿಗೂ ತೋರುಬೆರಳನ್ನು ಕೆಳಗಿನ ಹಲ್ಲಿಗೂ ಕತ್ತರಿಯಂತೆ ಆನಿಸಿ ಮೆಲ್ಲಗೆ ಇನ್ನಷ್ಟು ತೆರೆಸಿ. ಮೂರನೆಯ ಅಳತೆ ಎರಡನೆಯದಕ್ಕಿಂತ 5 ಮಿ.ಮೀ.ಗೂ ಹೆಚ್ಚು ಬಂದು, ಕೊನೆಯಲ್ಲಿ ಮೆತ್ತಗೆ ಎಳೆದಂತಿದ್ದರೆ ತಡೆ ಸ್ನಾಯುವಿನದು. ಒಂದೆರಡು ಮಿ.ಮೀ.ಗೇ ಗೋಡೆಗೆ ತಾಗಿದಂತೆ ನಿಂತರೆ ತಡೆ ಕೀಲಿನೊಳಗಿದೆ.

ಈಗ ಕನ್ನಡಿ. ಪೆನ್ನಿನಿಂದ ಕನ್ನಡಿಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಮುಖದ ನಡುಭಾಗವನ್ನು ಅದಕ್ಕೆ ಹೊಂದಿಸಿ ಬಾಯಿ ತೆರೆಯಿರಿ. ಗದ್ದ ಒಂದು ಬದಿಗೆ ಹೋಗಿ ಮತ್ತೆ ನಡುವಿಗೆ ಬಂದರೆ, ಬರುವಾಗ ಟಕ್ ಎಂದರೆ, ಸರಿದ ಡಿಸ್ಕ್ ಮತ್ತೆ ಗುಂಡಿನ ಮೇಲೆ ಕೂತಿದೆ. ಗದ್ದ ಒಂದು ಬದಿಗೆ ಹೋದದ್ದು ಹಾಗೇ ಉಳಿದರೆ ಆ ಬದಿಯ ಗುಂಡು ಜಾರುತ್ತಿಲ್ಲ. ಗದ್ದ ಹೊರಳುವುದು ಕೆಟ್ಟ ಬದಿಗೆ ಎಂಬುದನ್ನು ನೆನಪಿಡಿ, ಒಳ್ಳೆಯ ಬದಿ ಮುಂದೆ ಜಾರಿ ಗದ್ದವನ್ನು ಅತ್ತ ತಳ್ಳುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ: ಒಂದು ಬದಿಯ ಹಿಂದಿನ ದವಡೆಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿ ಇಟ್ಟು ಗಟ್ಟಿಯಾಗಿ ಕಚ್ಚಿ. ಕಚ್ಚಿದ ಬದಿಯ ಕೀಲಿನ ಭಾರ ಇಳಿಯುತ್ತದೆ, ಎದುರು ಬದಿಯದಕ್ಕೆ ಏರುತ್ತದೆ. ಕಚ್ಚಿದ ಬದಿಯಲ್ಲೇ ನೋವೆದ್ದರೆ ಸ್ನಾಯುವಿನ ಕಡೆಗೆ, ಎದುರು ಬದಿಯ ಕಿವಿಯ ಮುಂದೆ ಎದ್ದರೆ ಆ ಕೀಲಿನ ಕಡೆಗೆ ಬೆರಳು ತೋರುತ್ತದೆ. ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ.

ಸದ್ದುಗಳು

ಟಕ್ ಎನ್ನುವ ಸದ್ದು ಬಹಳ ಜನರಲ್ಲಿದೆ. ನೋವಿಲ್ಲ, ಬಾಯಿ ಸಿಕ್ಕಿಕೊಳ್ಳುವುದಿಲ್ಲ, ಸದ್ದು ಮಾತ್ರ ಇದೆ ಎಂದಾದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಸದ್ದು ನಿಲ್ಲಿಸಲೆಂದೇ ಯಾರಾದರೂ ಹಲ್ಲನ್ನು ತೇಯ್ದು ಅಳತೆ ಬದಲಿಸುತ್ತೇವೆ, ಶಸ್ತ್ರಚಿಕಿತ್ಸೆ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಪದೇ ಪದೇ ಟಕ್ ಅನ್ನಿಸಿ ನೋಡುವ ಚಟ ಮಾತ್ರ ಬಿಡಿ. ಮರಳು ತುಳಿದಂತೆ ಕರಕರ ಎನ್ನುವುದು ಬೇರೆ, ಅದು ಕೀಲಿನ ಮೈ ಸವೆದಿರುವ ಸೂಚನೆ.

ಎಚ್ಚರವಾಗಬೇಕಾದದ್ದು ಸದ್ದು ನಿಂತಾಗ. ವರ್ಷಗಟ್ಟಲೆ ಟಕ್ ಎನ್ನುತ್ತಿದ್ದ ದವಡೆ ಒಂದು ದಿನ ಮೌನವಾಗಿ, ಅದೇ ದಿನದಿಂದ ಬಾಯಿ 25–30 ಮಿ.ಮೀ.ಗೆ ನಿಂತು, ಗದ್ದ ಆ ಬದಿಗೆ ಹೊರಳತೊಡಗಿದರೆ ಡಿಸ್ಕ್ ಮುಂದೆಯೇ ಉಳಿದು ದಾರಿ ಕಟ್ಟಿದೆ. ಮೊದಲ ದಿನಗಳಲ್ಲೇ ಓರಲ್ ಸರ್ಜನ್ ಅಥವಾ ದವಡೆ ಕೀಲಿನ ಅನುಭವವಿರುವ ಫಿಸಿಯೊಥೆರಪಿಸ್ಟ್ ಬಳಿ ಹೋದರೆ ಒಳ್ಳೆಯದು. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಡಿಸ್ಕ್ ಕಾಣುವುದಿಲ್ಲ. ಡಿಸ್ಕ್ ನೋಡಲು ಎಂಆರ್‌ಐ ಬೇಕು.

ಬಾಯಿ ತೆರೆಯದಿದ್ದರೆ ಕೆನ್ನೆಯ ಒಳಗೂ ನೋಡಿ

ಕರ್ನಾಟಕದಲ್ಲಿ ಇದನ್ನು ಬಿಟ್ಟರೆ ಪರೀಕ್ಷೆ ಅರ್ಧಕ್ಕೇ ನಿಂತಂತೆ. ಅಡಿಕೆ, ಗುಟ್ಕಾ, ಪಾನ್ ಮಸಾಲೆ ಜಗಿಯುವವರಲ್ಲಿ ಬಾಯಿ ಕಿರಿದಾಗುವುದು ಕೀಲಿನಿಂದಲೂ ಅಲ್ಲ, ಸ್ನಾಯುವಿನಿಂದ ಶುರುವಾಗುವುದೂ ಅಲ್ಲ. ಬಾಯಿಯ ಒಳಚರ್ಮದ ಕೆಳಗೆ ನಾರು ಕಟ್ಟುತ್ತದೆ. ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಖಾರ ತಗುಲಿದರೆ ಉರಿಯುವುದು ಮೊದಲ ಲಕ್ಷಣ. ತೋರುಬೆರಳನ್ನು ಕೆನ್ನೆಯ ಒಳಗಿಟ್ಟು, ಹೆಬ್ಬೆರಳನ್ನು ಹೊರಗಿಟ್ಟು ಹಿಂದುಮುಂದಕ್ಕೆ ಸವರಿ. ಮೆತ್ತಗಿರಬೇಕಾದ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಹುರಿಯಂತಹ ಪಟ್ಟಿಗಳು ಸಿಕ್ಕಿದರೆ, ಒಳಚರ್ಮ ಬಿಳಿಚಿಕೊಂಡಿದ್ದರೆ, ನಾಲಿಗೆ ಹೊರಚಾಚಲು ಕಷ್ಟವಾದರೆ ಇದೇ. ತಂಬಾಕು ಬೆರೆಸದ ಅಡಿಕೆಯಿಂದಲೂ ಇದು ಬರುತ್ತದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ನಾಡು ನಮ್ಮದು, ಅಡಿಕೆ ನಮ್ಮ ಮರ್ಯಾದೆಯ ತಟ್ಟೆಯಲ್ಲಿದೆ. ಆದರೂ ಇದನ್ನು ಹೇಳದೆ ಇರಲಾಗದು. ಜಗಿಯುವುದನ್ನು ಆ ದಿನವೇ ನಿಲ್ಲಿಸಬೇಕು. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ, ಆದರೆ ನಿಲ್ಲಿಸದಿದ್ದರೆ ಬಾಯಿ ಇನ್ನಷ್ಟು ಕಿರಿದಾಗುತ್ತದೆ. ಕ್ಯಾನ್ಸರ್ ಆಗುವ ಸಂಭವವೂ ಇರುವುದರಿಂದ ನಿಲ್ಲಿಸಿದ ಮೇಲೂ ಕಾಲಕಾಲಕ್ಕೆ ಬಾಯಿ ತೋರಿಸುತ್ತಿರಬೇಕು.

ಸ್ನಾಯು ನೋವಿಗೆ ಮನೆಯಲ್ಲಿ ಮಾಡಬೇಕಾದದ್ದು

ಹಲ್ಲುಗಳು ದಿನವಿಡೀ ಒಂದಕ್ಕೊಂದು ತಾಗಿಕೊಂಡಿರಬೇಕೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸುಮ್ಮನಿರುವಾಗ ಮೇಲಿನ ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿ.ಮೀ. ಅಂತರ ಇರಬೇಕು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಬಾಚಿಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ಆನಿರಲಿ. ಕಂಪ್ಯೂಟರ್ ಮುಂದೆ ಕೂತಾಗ, ಗಾಡಿ ಓಡಿಸುವಾಗ, ಸೂಜಿಗೆ ದಾರ ಪೋಣಿಸುವಾಗ ಗೊತ್ತಿಲ್ಲದೆ ಹಲ್ಲು ಕಚ್ಚಿರುತ್ತೇವೆ. ಮೊಬೈಲಿನ ಹಿಂದೆ, ಫ್ರಿಜ್ ಬಾಗಿಲಿಗೆ, ಗಾಡಿಯ ಮೀಟರ್ ಪಕ್ಕ ಬಣ್ಣದ ಚುಕ್ಕೆಯೊಂದನ್ನು ಅಂಟಿಸಿ, ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಎಲ್ಲಿದೆ ಎಂದು ನೋಡಿಕೊಳ್ಳಿ. ಯಾವ ಮಾತ್ರೆಗಿಂತಲೂ ಮೊದಲು ಮಾಡಬೇಕಾದ ಕೆಲಸ ಇದು.

ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆ, ಕಣತಲೆಯ ಮೇಲೆ 15–20 ನಿಮಿಷ, ದಿನಕ್ಕೆ ಎರಡು ಮೂರು ಸಲ ಇಡಿ. ಕಾವಿನ ನಂತರ ಮಸೆಟರ್ ಮೇಲೆ ಮೂರು ಬೆರಳಿನಿಂದ ಸುತ್ತುತ್ತಾ ಒಂದೆರಡು ನಿಮಿಷ ತಿಕ್ಕಿ. ನೋವು ಹಿತವಾಗಿರಬೇಕು, ಹಲ್ಲು ಕಚ್ಚಿ ತಡೆದುಕೊಳ್ಳುವಂತಿದ್ದರೆ ಒತ್ತಡ ಹೆಚ್ಚಾಯಿತು. ಆಮೇಲೆ ನಾಲಿಗೆಯ ತುದಿಯನ್ನು ಅಂಗುಳದಲ್ಲೇ ಇಟ್ಟು ಬಾಯಿ ತೆರೆದು ಮುಚ್ಚಿ: ಒಂದು ಹೊತ್ತಿಗೆ ಆರು ಸಲ, ದಿನಕ್ಕೆ ಆರು ಹೊತ್ತು. ನಾಲಿಗೆ ಮೇಲಿದ್ದರೆ ಗುಂಡು ಹೆಚ್ಚು ಜಾರದೆ ತಿರುಗುತ್ತದೆ, ಬಾಯಿಯೂ ಮಿತಿಮೀರಿ ತೆರೆಯದು. ಕನ್ನಡಿಯ ಗೆರೆಯ ಮುಂದೆ ಮಾಡಿದರೆ ಗದ್ದ ನೆಟ್ಟಗೆ ಇಳಿಯುವುದನ್ನೂ ಕಲಿಸಬಹುದು.

ಎರಡು ಮೂರು ವಾರ ಮೆತ್ತನೆಯ ಊಟ ಮಾಡಿ. ಇಡ್ಲಿ, ಮೊಸರನ್ನ, ಪೊಂಗಲ್, ಅಂಬಲಿ ಒಳ್ಳೆಯವು. ರಾಗಿಮುದ್ದೆ ಅಗಿಯದೆ ನುಂಗುವ ಊಟವಾದ್ದರಿಂದ ಇಂಥ ಸಮಯಕ್ಕೆ ಹೇಳಿ ಮಾಡಿಸಿದ್ದು. ಚಕ್ಕುಲಿ, ಕೋಡುಬಳೆ, ಕಡಕ್ ಜೋಳದ ರೊಟ್ಟಿ, ಕಬ್ಬು, ಒಣಕೊಬ್ಬರಿ, ಚೂಯಿಂಗ್ ಗಮ್ ದೂರವಿರಲಿ. ಸೇಬನ್ನು ಇಡಿಯಾಗಿ ಕಚ್ಚದೆ ಹೋಳು ಮಾಡಿ ತಿನ್ನಿ. ಬೋರಲಾಗಿ ಮಲಗುವುದು, ಗದ್ದಕ್ಕೆ ಕೈಯಾನಿಸಿ ಕೂರುವುದು, ಭುಜ ಕಿವಿಗಳ ನಡುವೆ ಫೋನ್ ಸಿಕ್ಕಿಸುವುದು ಬಿಡಬೇಕು.

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಗಟ್ಟಿ ಅಕ್ರಿಲಿಕ್‌ನ ನೈಟ್‌ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಹಲ್ಲು ಸವೆಯದಂತೆ ಕಾಯುತ್ತದೆ, ಕಡಿಯುವುದನ್ನೇ ನಿಲ್ಲಿಸುವುದಿಲ್ಲ. ಒಂದು ಸಾಲಿನ ಹಲ್ಲುಗಳನ್ನೆಲ್ಲ ಮುಚ್ಚುವಂಥದ್ದನ್ನೇ ಮಾಡಿಸಿ. ಕೆಲವೇ ಹಲ್ಲನ್ನು ಮುಚ್ಚುವುದನ್ನು ಸದಾ ಹಾಕಿಕೊಂಡರೆ ಉಳಿದ ಹಲ್ಲುಗಳು ಸರಿದು ಕಚ್ಚುವ ರೀತಿಯೇ ಬದಲಾಗಬಹುದು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳಿಂದ ಕೆಲವರಲ್ಲಿ ಹಲ್ಲು ಕಡಿಯುವುದು ಶುರುವಾಗುತ್ತದೆ. ಹಾಗಾದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

ತೆರೆದ ಬಾಯಿ ಮುಚ್ಚದಿದ್ದರೆ

ದೊಡ್ಡ ಆಕಳಿಕೆಯಲ್ಲಿ, ಹಲ್ಲಿನ ಚಿಕಿತ್ಸೆಗೆಂದು ತುಂಬಾ ಹೊತ್ತು ಬಾಯಿ ತೆರೆದಾಗ, ಗುಂಡು ದಿಬ್ಬವನ್ನು ದಾಟಿ ಮುಂದೆ ಬೀಳುತ್ತದೆ. ಬಾಯಿ ತೆರೆದೇ ಇರುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ಹೊರಡದು, ಕಿವಿಯ ಮುಂದೆ ಕುಳಿ ಬಿದ್ದಿರುತ್ತದೆ. ಒಂದೇ ಬದಿ ಜಾರಿದ್ದರೆ ಗದ್ದ ಎದುರು ಬದಿಗೆ ತಿರುಗಿರುತ್ತದೆ. ಮುಚ್ಚುವ ಸ್ನಾಯುಗಳೆಲ್ಲ ಸೆಟೆದು ಗುಂಡನ್ನು ದಿಬ್ಬದ ಮುಂದೆಯೇ ಮೇಲಕ್ಕೆ ಎಳೆದು ಹಿಡಿಯುವುದರಿಂದ ತಾನಾಗಿ ಹಿಂದೆ ಬರಲಾರದು. ಹೊತ್ತು ಹೋದಷ್ಟೂ ಸೆಟೆತ ಹೆಚ್ಚುತ್ತದೆ.

ಗದ್ದಕ್ಕೆ ಹೊಡೆಯುವುದು, ಕೆಳಗಿನಿಂದ ಮೇಲಕ್ಕೆ ಒತ್ತಿ ಮುಚ್ಚಿಸಲು ನೋಡುವುದು ಖಂಡಿತ ಬೇಡ. ದಿಬ್ಬಕ್ಕೆ ಇನ್ನಷ್ಟು ಗಟ್ಟಿಯಾಗಿ ಒರಗುತ್ತದೆ, ಮೂಳೆ ಮುರಿದಿದ್ದರೆ ಹಾನಿ ಹೆಚ್ಚುತ್ತದೆ. ಗದ್ದದ ಕೆಳಗೆ ಮಡಿಸಿದ ಬಟ್ಟೆಯ ಆಸರೆ ಕೊಟ್ಟು, ಜೊಲ್ಲು ಹೊರಗೆ ಹೋಗುವಂತೆ ತಲೆ ಮುಂದೆ ಬಾಗಿಸಿ ಕೂರಿಸಿ, ತಿನ್ನಲು ಕುಡಿಯಲು ಏನೂ ಕೊಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಪರು ಬರುವ ಔಷಧಿ ಕೊಡಬೇಕಾಗಬಹುದು, ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದು. ವಾಂತಿಗೆ ಮೆಟೊಕ್ಲೊಪ್ರಮೈಡ್‌ನಂಥ ಔಷಧಿ ತೆಗೆದುಕೊಂಡ ಮೇಲೆ ದವಡೆ, ಕುತ್ತಿಗೆ ತಿರುಚಿಕೊಂಡಿದ್ದರೆ ಅದನ್ನು ಮೊದಲೇ ಹೇಳಿ. ಅದು ಕೀಲು ಜಾರಿದ್ದಲ್ಲದೆ ಔಷಧಿಯ ಅಡ್ಡಪರಿಣಾಮವಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ.

ತರಬೇತಿ ಪಡೆದವರು ಗುಂಡನ್ನು ಮತ್ತೆ ಕುಳಿಯಲ್ಲಿ ಕೂರಿಸುವ ರೀತಿ ಹೀಗೆ: ರೋಗಿಯನ್ನು ತಗ್ಗಿನ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಹಿಂದಿನಿಂದ ಆಸರೆ ಕೊಟ್ಟು, ಹೆಬ್ಬೆರಳುಗಳಿಗೆ ದಪ್ಪ ಗಾಜ್ ಬಟ್ಟೆ ಸುತ್ತಿ, ಕೆಳಗಿನ ಹಿಂದಿನ ದವಡೆಹಲ್ಲುಗಳ ಮೇಲೆ ಅಥವಾ ಅವುಗಳ ಹೊರಬದಿಯ ಮೂಳೆಯ ಮೇಲೆ ಇಡುತ್ತಾರೆ. ಮೊದಲು ಕೆಳಕ್ಕೆ, ಗುಂಡು ದಿಬ್ಬದ ತುದಿ ದಾಟುವವರೆಗೆ. ಆಮೇಲೆ ಹಿಂದಕ್ಕೆ. ಕೆಳಕ್ಕೆ ಸಾಕಷ್ಟು ಒತ್ತದೆ ಹಿಂದಕ್ಕೆ ತಳ್ಳಿದರೆ ಕೂರುವುದಿಲ್ಲ, ಸೋಲುವುದು ಬಹುಪಾಲು ಈ ಕಾರಣಕ್ಕೇ. ಎಳೆದು ಕುಕ್ಕದೆ, ಒಂದೇ ಸಮನಾದ ಒತ್ತಡವನ್ನು ಸ್ನಾಯು ಸೋಲುವವರೆಗೆ ಹಿಡಿಯಬೇಕು. ಗುಂಡು ಕೂತ ಕ್ಷಣದಲ್ಲಿ ಬಾಯಿ ರಪ್ಪನೆ ಮುಚ್ಚುತ್ತದೆ, ಹೆಬ್ಬೆರಳು ಹಲ್ಲಿನ ಮೇಲೇ ಉಳಿದರೆ ಕಚ್ಚಿಸಿಕೊಳ್ಳುತ್ತದೆ.

ಕೂತ ಮೇಲೆ ಎರಡು ಮೂರು ವಾರ ಎರಡು ಬೆರಳಿಗಿಂತ ಹೆಚ್ಚು ಬಾಯಿ ತೆರೆಯಬಾರದು. ಆಕಳಿಕೆ ಬಂದರೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗದ್ದದ ಕೆಳಗೆ ಮುಷ್ಟಿ ಹಿಡಿಯಬೇಕು. ಒಮ್ಮೆ ಜಾರಿದ ಕೀಲು ಮತ್ತೆ ಜಾರುವ ಸಂಭವ ಹೆಚ್ಚು, ಹಾಗಾಗಿ ಮುಂದೆ ಹಲ್ಲಿನ ಚಿಕಿತ್ಸೆಗೆ ಅಥವಾ ಬಾಯಿಯ ಮೂಲಕ ಎಂಡೊಸ್ಕೋಪಿಗೆ ಹೋದಾಗ ಇದನ್ನು ಮೊದಲೇ ಹೇಳಿರಿ. ಬಾಯಿ ಎಷ್ಟು ತೆರೆಸಬೇಕು, ನಡುನಡುವೆ ಎಷ್ಟು ಹೊತ್ತು ಬಿಡುವು ಕೊಡಬೇಕು ಎಂಬುದನ್ನು ಅವರು ಅದಕ್ಕೆ ತಕ್ಕಂತೆ ನೋಡಿಕೊಳ್ಳುತ್ತಾರೆ.